ದುಬಾರಿ ಸೈಕಲ್ಲಿನ ಫ್ರೇಮು, ಅದರ ವಾರಂಟಿ: ಹೊಸಬರಿಗೆ ಒಂದು ಪರಿಚಯ

ಬೆಂಗಳೂರಿನಲ್ಲಿ ಕೆಲಸಕ್ಕಿದ್ದು ಹಬ್ಬಕ್ಕೆ ಊರಿಗೆ ಬರುವ ನಮ್ಮ ಹುಡುಗರು ಈಗ ಒಂದೂವರೆ, ಎರಡು ಲಕ್ಷದ ರೋಡ್ ಸೈಕಲ್ ತರುತ್ತಾರೆ. ನೋಡಿದವರು ಮೊದಲು ಕೇಳುವುದು ಬೆಲೆ. ಆಮೇಲಿನ ಪ್ರಶ್ನೆ, 'ಇಷ್ಟು ಹಗುರ ಇದೆಯಲ್ಲ, ತಡೆಯುತ್ತದಾ?' ಕೇಳಬೇಕಾದ ಪ್ರಶ್ನೆಯೇ. ಮೈಸೂರು ಜಿಲ್ಲೆಯ ಸಾಲಿಗ್ರಾಮದಿಂದ ಚುಂಚನಕಟ್ಟೆ, ಭೇರ್ಯ, ಕೆ.ಆರ್.ನಗರದ ಕಡೆ ಸವಾರಿ ಹೊರಡುವವರಿಗೆ ಇದರ ಉತ್ತರ ಸೈಕಲ್ ಕೊಳ್ಳುವ ಮೊದಲೇ ಗೊತ್ತಿರಬೇಕು.

ಫ್ರೇಮು ಯಾವುದರಿಂದ ಮಾಡಿದ್ದು ಎಂಬುದರಿಂದ ಶುರು ಮಾಡೋಣ. ನಮ್ಮ ಹಳೆಯ ಅಟ್ಲಾಸ್, ಹೀರೋ ಸೈಕಲ್ಲುಗಳದು ಉಕ್ಕು. ಉಕ್ಕು ಭಾರ, ಆದರೆ ಬಿರುಕು ಬಿಟ್ಟರೆ ವೆಲ್ಡಿಂಗ್ ಮಾಡಿಸಬಹುದು. ಅದರ ಶತ್ರು ತುಕ್ಕು, ಅದೂ ಪೈಪಿನ ಒಳಗಡೆಯ ತುಕ್ಕು. ಅಲ್ಯೂಮಿನಿಯಂ ಹಗುರ, ತುಕ್ಕು ಹಿಡಿಯುವುದಿಲ್ಲ. ಆದರೆ ಅತ್ತಿತ್ತ ಬಗ್ಗಿಸುತ್ತಲೇ ಇದ್ದರೆ ತಂತಿ ಒಂದು ದಿನ ತುಂಡಾಗುವ ಹಾಗೆ, ವರ್ಷಗಟ್ಟಲೆ ಕುಲುಕಾಟ ತಿಂದ ಅಲ್ಯೂಮಿನಿಯಂ ದಣಿಯುತ್ತದೆ. ವೆಲ್ಡಿಂಗಿನ ಪಕ್ಕದಲ್ಲೇ ಹೆಚ್ಚಾಗಿ ಬಿರುಕು ಕಾಣಿಸಿಕೊಳ್ಳುತ್ತದೆ.

ದುಬಾರಿ ಸೈಕಲ್ಲುಗಳಲ್ಲಿ ಬಹುಪಾಲು ಕಾರ್ಬನ್. ಕೂದಲಿಗಿಂತ ಸಣ್ಣ ಎಳೆಗಳ ಹಾಳೆಗಳನ್ನು ಬೇರೆಬೇರೆ ದಿಕ್ಕಿಗೆ ಪದರ ಪದರವಾಗಿ ಜೋಡಿಸಿ, ಅಂಟಿನಲ್ಲಿ ಬೇಯಿಸಿ ಮಾಡಿದ್ದು. ತುಳಿಯುವ ಬಲಕ್ಕೆ, ರಸ್ತೆಯ ನಡುಕಕ್ಕೆ ಇದು ಅಲ್ಯೂಮಿನಿಯಂನಷ್ಟು ದಣಿಯುವುದಿಲ್ಲ. ಸೈಕಲ್ಲುಗಳ ಸುರಕ್ಷತೆಗೆಂದು ಇರುವ ಐಎಸ್ಒ 4210 ಮಾನದಂಡದಲ್ಲಿ ಪೆಡಲ್ ತುಳಿತದ ಬಲವನ್ನು ಯಂತ್ರದಿಂದ ಫ್ರೇಮಿನ ಮೇಲೆ 1 ಲಕ್ಷ ಬಾರಿ ಹಾಕಿ ನೋಡುತ್ತಾರೆ. ಒಳ್ಳೆಯ ಕಾರ್ಬನ್ ಫ್ರೇಮು ಇದನ್ನು ಸಲೀಸಾಗಿ ದಾಟುತ್ತದೆ. ಅದು ಸೋಲುವುದು ಪಕ್ಕದ ಪೆಟ್ಟಿಗೆ. ನಿಲ್ಲಿಸಿದ ಸೈಕಲ್ ಕಲ್ಲುಕಂಬದ ಮೇಲೆ ಬಿದ್ದರೆ ಸಾಕು, ಮೇಲೆ ಬಣ್ಣ ಮಾತ್ರ ಕಿತ್ತಂತೆ ಕಂಡರೂ ಒಳಗೆ ಪದರ ಬಿಟ್ಟುಕೊಂಡಿರಬಹುದು.

ಪರೀಕ್ಷಿಸಲು ಒಂದು ಸುಲಭದ ದಾರಿ ಇದೆ. ಒಂದು ರೂಪಾಯಿ ನಾಣ್ಯದ ಅಂಚಿನಿಂದ ಪೈಪಿನ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಇರುವ ಕಡೆ 'ಟಕ್ ಟಕ್' ಎಂದು ಚುರುಕಾಗಿ ಕೇಳುವ ಸದ್ದು, ಪದರ ಬಿಟ್ಟ ಕಡೆ 'ಡಬ್' ಎಂದು ಮಂಕಾಗುತ್ತದೆ. ಪೈಪಿನ ದಪ್ಪ ಬದಲಾದಾಗಲೂ ಸದ್ದು ಕೊಂಚ ಬದಲಾಗುವುದರಿಂದ ಎಡಬಲ ಎರಡೂ ಕಡೆ ಹೋಲಿಸಿ ಕೇಳಬೇಕು. ಅನುಮಾನ ಬಂದರೆ ಸವಾರಿ ನಿಲ್ಲಿಸಿ ತಿಳಿದವರಿಗೆ ತೋರಿಸಿ. ನಾಣ್ಯದ ಪರೀಕ್ಷೆಯೊಂದನ್ನೇ ನೆಚ್ಚಿ ಕೂರಬೇಡಿ.

ನಮ್ಮ ಭಾಗದಲ್ಲಿ ಇನ್ನೊಂದು ಅಪಾಯವಿದೆ, ಕಂಪನಿಯ ಕೈಪಿಡಿಯಲ್ಲಿ ಅದು ಸಿಗುವುದಿಲ್ಲ. ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ಒಕ್ಕಣೆಗೆಂದು ಡಾಂಬರಿನ ಮೇಲೆ ಹಾಸಿರುತ್ತಾರೆ. ಅದರ ಮೇಲೆ ಹಾಯ್ದರೆ ಹುರುಳಿ ಬಳ್ಳಿ ಹಿಂದಿನ ಚಕ್ರಕ್ಕೆ ಸುತ್ತಿ ಗೇರು ಬದಲಿಸುವ ಡೀರೇಲರನ್ನು ಕಡ್ಡಿಗಳ ಒಳಕ್ಕೆ ಎಳೆಯುತ್ತದೆ. ಆಗ ಮುರಿಯುವುದು ಡೀರೇಲರನ್ನು ಫ್ರೇಮಿಗೆ ಹಿಡಿಸುವ ಹ್ಯಾಂಗರ್ ಎಂಬ ಪುಟ್ಟ ಲೋಹದ ತುಂಡು. ಫ್ರೇಮು ಉಳಿಯಲಿ, ತಾನು ಹೋಗಲಿ ಎಂದೇ ಅದನ್ನು ಮೆದುವಾಗಿ ಮಾಡಿರುತ್ತಾರೆ. ನಿಮ್ಮ ಮಾದರಿಗೆ ಹೊಂದುವ ಒಂದು ಹ್ಯಾಂಗರ್ ಬ್ಯಾಗಿನಲ್ಲಿ ಇರಲಿ. ಬೆಳೆ ಹಾಸಿರುವುದು ಕಂಡರೆ ಇಳಿದು ಸೈಕಲ್ ಎತ್ತಿಕೊಂಡು ದಾಟಿ. ಅದು ರೈತರ ವರ್ಷದ ದುಡಿಮೆ, ಅದನ್ನು ತುಳಿಯದೆ ಹೋಗುವುದು ಮರ್ಯಾದೆ ಕೂಡ.

ಈಗ ವಾರಂಟಿ. ಟ್ರೆಕ್, ಜೈಂಟ್, ಸ್ಪೆಷಲೈಸ್ಡ್, ಕ್ಯಾನಂಡೇಲ್‌ನಂಥ ಕಂಪನಿಗಳು ರೋಡ್ ಸೈಕಲ್ಲಿನ ಫ್ರೇಮಿಗೆ ಲೈಫ್‌ಟೈಮ್ ವಾರಂಟಿ ಕೊಡುತ್ತವೆ. ಜರ್ಮನಿಯ ಕ್ಯಾನ್ಯನ್ ಕೊಡುವುದು 6 ವರ್ಷ. ಲೈಫ್‌ಟೈಮ್ ಎಂದ ಕೂಡಲೇ ಏನೇ ಆದರೂ ಹೊಸ ಫ್ರೇಮು ಸಿಗುತ್ತದೆ ಎಂದು ಹೊಸಬರು ನಂಬಿಬಿಡುತ್ತಾರೆ. ಹಾಗಲ್ಲ. ಕಂಪನಿ ಹೊಣೆ ಹೊರುವುದು ತನ್ನ ತಯಾರಿಕೆಯ ದೋಷಕ್ಕೆ ಮಾತ್ರ. ಗುಂಡಿಗೆ ಇಳಿದದ್ದು, ಟ್ರ್ಯಾಕ್ಟರಿನ ಟ್ರೇಲರಿಗೆ ತಗುಲಿದ್ದು, ಅತಿಯಾಗಿ ಬಿಗಿದು ಪೈಪು ಸೀಳಿದ್ದು, ಬಳಸಿ ಸವೆದದ್ದು ಯಾವುದೂ ಅದರೊಳಗೆ ಬರುವುದಿಲ್ಲ. ಬಣ್ಣಕ್ಕೆ, ಬಿಡಿಭಾಗಗಳಿಗೆ ಬೇರೆ ಅವಧಿ, ಅದು ಫ್ರೇಮಿನದಕ್ಕಿಂತ ತೀರಾ ಕಡಿಮೆ. ಬಿದ್ದು ಮುರಿದ ಫ್ರೇಮಿಗೆ ಕೆಲವು ಕಂಪನಿಗಳು ರಿಯಾಯಿತಿ ದರದಲ್ಲಿ ಬದಲಿ ಕೊಡುವುದುಂಟು, ಕೇಳಿ ನೋಡಬೇಕು.

ಲೈಫ್‌ಟೈಮ್ ವಾರಂಟಿ ಸಾಮಾನ್ಯವಾಗಿ ಮೊದಲ ಮಾಲೀಕರಿಗೆ ಮಾತ್ರ. ಬೆಂಗಳೂರಿನಲ್ಲಿ ಯಾರೋ ಎರಡು ವರ್ಷ ಓಡಿಸಿ ಮಾರಿದ ಸೈಕಲ್ಲನ್ನು ಅರ್ಧ ಬೆಲೆಗೆ ತರುವವರು ಇದನ್ನು ಗಮನಿಸಲೇಬೇಕು. ಎರಡನೆಯ ಮಾಲೀಕರಿಗೆ ಕೊಟ್ಟರೂ ಅವಧಿ ಮೊಟಕಾಗಿರುತ್ತದೆ. ನನ್ನನ್ನು ಕೇಳಿದರೆ, ಮೊದಲ ಸಲ ಕೊಳ್ಳುವವರು ಹಳೆಯ ಕಾರ್ಬನ್ನಿಗಿಂತ ಬಿಲ್ಲಿನ ಸಮೇತ ಹೊಸ ಅಲ್ಯೂಮಿನಿಯಂ ಸೈಕಲ್ ತರುವುದು ಮೇಲು.

ಬಿಗಿಯುವ ವಿಷಯದಲ್ಲಿ ಇನ್ನೊಂದು ಮಾತು. ಕಾರ್ಬನ್ ಸೀಟ್ ಪೋಸ್ಟಿನ ಕ್ಲ್ಯಾಂಪಿನ ಮೇಲೆ ಹೆಚ್ಚಾಗಿ '5 ಎನ್ಎಂ' (ನ್ಯೂಟನ್ ಮೀಟರ್) ಎಂಬಂಥ ಬಿಗಿತದ ಅಳತೆ ಅಚ್ಚಾಗಿರುತ್ತದೆ. ಅಷ್ಟಕ್ಕೇ ಬಿಗಿಯಬೇಕು, ಅದಕ್ಕೆ ಬಿಗಿತ ಅಳೆಯುವ ಟಾರ್ಕ್ ವ್ರೆಂಚ್ ಬೇಕು. ನಮ್ಮೂರ ಮೆಕ್ಯಾನಿಕ್ಕುಗಳ ಕೈ ಉಕ್ಕಿನ ಸೈಕಲ್ಲಿಗೆ ಪಳಗಿದ್ದು. ಆ ಕೈಬಿಗಿ ಇಲ್ಲಿ ಹೆಚ್ಚಾಗುತ್ತದೆ. ವ್ರೆಂಚನ್ನು ನೀವೇ ತೆಗೆದುಕೊಂಡು ಹೋಗಿ, ಅಳತೆ ತೋರಿಸಿ, ಜೊತೆಗೆ ನಿಂತು ಮಾಡಿಸಿ.

ದೋಷ ತಯಾರಿಕೆಯದೇ ಆಗಿದ್ದೂ ಕಂಪನಿ ಒಪ್ಪದಿದ್ದರೆ? ಸೈಕಲ್ ಕೊಂಡ ಬೆಂಗಳೂರಿಗೇ ಅಲೆಯಬೇಕಿಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಸಾಲಿಗ್ರಾಮದವರಿಗೆ ಅದು ಮೈಸೂರಿನ ಜಿಲ್ಲಾ ಗ್ರಾಹಕರ ಆಯೋಗ. ಕೊಟ್ಟ ಬೆಲೆ 5 ಲಕ್ಷದ ಒಳಗಿದ್ದರೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದಿಲ್ಲ. ದೋಷ ಕಣ್ಣಿಗೆ ಕಾಣದಂಥದ್ದಾದರೆ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಿ ಪರೀಕ್ಷಿಸುವ ಅಧಿಕಾರ ಆಯೋಗಕ್ಕಿದೆ. ಅದಕ್ಕೂ ಮೊದಲು ಸಲಹೆ ಬೇಕಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಇಷ್ಟೆಲ್ಲ ನಡೆಯುವುದು ಕಾಗದವಿದ್ದರೆ. ಸೈಕಲ್ ಮನೆಗೆ ಬಂದ ದಿನವೇ ತಲೆಕೆಳಗು ಮಾಡಿ, ಪೆಡಲಿನ ಅಚ್ಚು ಕೂರುವ ಜಾಗದ ಅಡಿಯಲ್ಲಿ ಸಾಮಾನ್ಯವಾಗಿ ಇರುವ ಫ್ರೇಮ್ ಸಂಖ್ಯೆಯ ಫೋಟೊ ತೆಗೆಯಿರಿ. ಆ ಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ, ಕಂಪನಿಯಲ್ಲಿ ನಿಮ್ಮ ಹೆಸರಿಗೆ ನೋಂದಾಯಿಸಿ. ಬಿರುಕು ಕಂಡ ದಿನ ತಾರೀಖಿನ ಸಮೇತ ಫೋಟೊ ತೆಗೆದು ಅಂಗಡಿಗೆ ಬರಹದಲ್ಲೇ ತಿಳಿಸಿ. ಆಯೋಗಕ್ಕೆ ಹೋಗಲು ಕಾನೂನು ಕೊಟ್ಟಿರುವುದು, ದೂರಿಗೆ ಕಾರಣ ಹುಟ್ಟಿದಂದಿನಿಂದ 2 ವರ್ಷ.