ಊರಂಚಿನ ಹೊಲಗಳ ಮಣ್ಣು ಪರೀಕ್ಷೆ: ಯಾವ ದೋಷಕ್ಕೆ ಯಾವ ಪರೀಕ್ಷೆ, ಯಾರ ಖರ್ಚು?

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಪಟ್ಟಣಗಳ ಅಂಚಿನಲ್ಲಿ ಹೊಲವುಳ್ಳ ರೈತರಿಗೆ ಪೇಟೆ ಹತ್ತಿರ, ಕಾಯಿಪಲ್ಲೆಗೆ ಗಿರಾಕಿ ಹತ್ತಿರ. ಆದರೆ ಊರಿನ ಗಟಾರದ ನೀರು, ಕಸದ ರಾಶಿಯ ಬಸಿ, ಗ್ಯಾರೇಜುಗಳ ಹಳೆಯ ಎಣ್ಣೆ ಇವೂ ಹತ್ತಿರವೇ. ಇದರ ಮೇಲೆ, ನೀರಾವರಿಗೆ ಒಳಪಟ್ಟ ಎರೆ ಭೂಮಿಯಲ್ಲಿ ಸವಳಿನ ಕಾಟ ಬೇರೆ.

"ಸರ್, ಕಾರ್ಡಿನ್ಯಾಗ ಎಲ್ಲಾ ಛಲೋ ಐತಿ ಅಂತ ಬರದಾರ. ಆದ್ರ ಗಟಾರದ ಕಡಿ ಮೂಲ್ಯಾಗ ಜೋಳ ಏಳವಲ್ದು, ಯಾಕ?" ಎಂದು ರೈತರು ಕೇಳುವುದುಂಟು. ಕಾರ್ಡು ಸುಳ್ಳಲ್ಲ. ಆದರೆ ಒಂದೊಂದು ಪರೀಕ್ಷೆ ಒಂದೊಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಸರಕಾರದ ಹಣವೂ ಹಾಗೆಯೇ ಬೇರೆ ಬೇರೆ ದಾರಿಯಲ್ಲಿ ಬರುತ್ತದೆ. ಇದನ್ನು ತಿಳಿಯದೆ ಉಪಚಾರಕ್ಕೆ ಇಳಿದರೆ ಎತ್ತಿಗೆ ಜ್ವರ ಬಂದಾಗ ಎಮ್ಮೆಗೆ ಬರೆ ಹಾಕಿದಂತೆ ಆದೀತು.

ಮಣ್ಣು ಆರೋಗ್ಯ ಕಾರ್ಡು

ಕೇಂದ್ರ ಸರಕಾರವು ಈ ಯೋಜನೆಯನ್ನು 2015ರ ಫೆಬ್ರವರಿ 19ರಂದು ಆರಂಭಿಸಿತು. ಇದರಲ್ಲಿ 12 ಅಂಶಗಳ ಪರೀಕ್ಷೆ ಆಗುತ್ತದೆ: ಸಾರಜನಕ, ರಂಜಕ, ಪೊಟ್ಯಾಶ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ, ವಿದ್ಯುತ್ ವಾಹಕತೆ ಮತ್ತು ಸಾವಯವ ಇಂಗಾಲ. ಗೊಬ್ಬರದ ಪ್ರಮಾಣ ನಿರ್ಧರಿಸಲು ಇಷ್ಟು ಸಾಕು. ಆದರೆ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂಗಳಂಥ ವಿಷಲೋಹಗಳು ಈ ಪಟ್ಟಿಯಲ್ಲಿಲ್ಲ. ಆದ್ದರಿಂದ ಒಳ್ಳೆಯ ಕಾರ್ಡು ಮಾಲಿನ್ಯವಿಲ್ಲವೆಂಬ ಪ್ರಮಾಣಪತ್ರವಲ್ಲ.

ಇನ್ನೊಂದು ಮಾತು. ಯೋಜನೆಯ ಮೊದಲ ಸುತ್ತುಗಳಲ್ಲಿ ನೀರಾವರಿಯ 2.5 ಹೆಕ್ಟೇರಿಗೆ, ಖುಷ್ಕಿಯ 10 ಹೆಕ್ಟೇರಿಗೆ ಒಂದರಂತೆ ಮಾದರಿ ತೆಗೆಯಲಾಯಿತು. ಹಲವರ ಹೊಲಕ್ಕೆ ಒಂದೇ ಮಾದರಿಯಾದಾಗ ನಿಮ್ಮ ಹೊಲದ ಕೆಟ್ಟ ಮೂಲೆ ಅದರಲ್ಲಿ ಕಾಣಲಾರದು.

ಸವಳೋ, ಕ್ಷಾರವೋ?

ಮಣ್ಣಿನ ಸಂತೃಪ್ತ ಸಾರದಲ್ಲಿ ವಿದ್ಯುತ್ ವಾಹಕತೆ 4 ಡೆಸಿಸೈಮನ್‌ಗಿಂತ ಹೆಚ್ಚಿದ್ದರೆ ಅದು ಸವಳು ಭೂಮಿ. ರಸಸಾರ 8.5ಕ್ಕಿಂತ ಹೆಚ್ಚು ಮತ್ತು ವಿನಿಮಯ ಸೋಡಿಯಂ ಶೇಕಡಾ 15ಕ್ಕಿಂತ ಹೆಚ್ಚಿದ್ದರೆ ಕ್ಷಾರ ಭೂಮಿ. ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಮಣ್ಣಿಗೆ ಎರಡು ಅಥವಾ ಎರಡೂವರೆ ಪಾಲು ನೀರು ಬೆರೆಸಿ ವಾಹಕತೆ ಅಳೆಯುತ್ತಾರೆ. ಆ ಅಂಕಿ ಕಡಿಮೆ ಬರುತ್ತದೆ. ಅದನ್ನು ನೇರವಾಗಿ 4ಕ್ಕೆ ಹೋಲಿಸಬಾರದು.

ಈ ಭೇದಕ್ಕೆ ಹಣದ ಲೆಕ್ಕವಿದೆ. ಜಿಪ್ಸಂ ಕ್ಷಾರಕ್ಕೆ ಮದ್ದು; ಬರೀ ಸವಳಿಗೆ ಬೇಕಾದುದು ಬಸಿಗಾಲುವೆ ಮತ್ತು ಒಳ್ಳೆಯ ನೀರು. ಬಸಿಯಲು ದಾರಿಯಿಲ್ಲದ ಹೊಲಕ್ಕೆ ಸುರಿದ ಜಿಪ್ಸಂ ದುಡ್ಡು ಕಳೆದಂತೆಯೇ ಸರಿ.

ವಿಷಲೋಹಗಳು

ಬೆಂಗಳೂರಿನ ಕೊಳಚೆ ಮತ್ತು ಕಾರ್ಖಾನೆಗಳ ನೀರು ಹೊತ್ತು ಬರುವ ವೃಷಭಾವತಿ ನದಿ ಹಾಗೂ ಬಿಡದಿ ಹತ್ತಿರದ ಬೈರಮಂಗಲ ಕೆರೆಯ ನೀರುಂಡ ಹೊಲಗಳ ಮಣ್ಣು, ಬೆಳೆಗಳಲ್ಲಿ ವಿಷಲೋಹಗಳು ಕಂಡುಬಂದಿವೆ. ನಮ್ಮ ಸಣ್ಣ ಪಟ್ಟಣಗಳಲ್ಲಿ ಅಷ್ಟು ಕಾರ್ಖಾನೆಗಳಿಲ್ಲ ಎಂಬುದು ನಿಜ. ಆದರೆ ಹಳೆಯ ಬ್ಯಾಟರಿ, ಬಣ್ಣ, ಎಣ್ಣೆ ಎಲ್ಲಾ ಊರುಗಳಲ್ಲೂ ಇವೆ.

ಎರೆ ಮಣ್ಣು ಜಿಗುಟು, ರಸಸಾರವೂ ಹೆಚ್ಚು. ಲೋಹಗಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಆದ್ದರಿಂದ ಬೆಳೆಯಲ್ಲಿ ದೋಷ ಬೇಗ ಕಾಣದು. ಆದರೆ ಒಮ್ಮೆ ಸೇರಿದ ಲೋಹ ಹೊಲ ಬಿಟ್ಟು ಹೋಗುವುದೂ ಇಲ್ಲ. ಸವಳಿನ ಕ್ಲೋರೈಡು ಕೂಡಿದರೆ ಕ್ಯಾಡ್ಮಿಯಂ ಸಡಿಲಗೊಂಡು ಸೊಪ್ಪು, ಮೇವುಗಳಿಗೆ ಏರುವುದು. ಅಲ್ಲಿಂದ ಅದು ನಮ್ಮ ಮಕ್ಕಳ ಗಂಗಾಳಕ್ಕೇ ಬರುತ್ತದೆ.

ಖರ್ಚು ಯಾರದು?

1. ಗೊಬ್ಬರದ ಅಂಶ, ರಸಸಾರ, ವಾಹಕತೆ: ಮಣ್ಣು ಆರೋಗ್ಯ ಯೋಜನೆಯಲ್ಲಿ ಸರಕಾರವೇ ಭರಿಸುತ್ತದೆ. ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿರಿ.

2. ಅಪಾಯಕಾರಿ ರಾಸಾಯನಿಕಗಳಿಂದ ಕೆಟ್ಟಿರಬಹುದಾದ ಭೂಮಿ: ಕೇಂದ್ರ ಸರಕಾರವು 2025ರ ಜುಲೈನಲ್ಲಿ ಮಲಿನ ಸ್ಥಳಗಳ ನಿರ್ವಹಣಾ ನಿಯಮಗಳನ್ನು ಹೊರಡಿಸಿದೆ. ಸಂಶಯದ ಸ್ಥಳವನ್ನು ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತ ಗುರುತಿಸಬೇಕು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು 90 ದಿನಗಳಲ್ಲಿ ಪ್ರಾಥಮಿಕ ತಪಾಸಣೆ ಮಾಡಬೇಕು. ಖರ್ಚು ಕೆಡಿಸಿದವರ ಮೇಲೆ. ಅವರು ಸಿಗದಿದ್ದರೆ ಸರಕಾರಗಳ ಮೇಲೆ.

3. ಊರಿನ ಕಸದ ರಾಶಿ: ಮೇಲಿನ ನಿಯಮಗಳು ಸಾಮಾನ್ಯವಾಗಿ ಇದಕ್ಕೆ ಅನ್ವಯಿಸುವುದಿಲ್ಲ. 2021ರ ಅಕ್ಟೋಬರಿನಲ್ಲಿ ಆರಂಭವಾದ ಸ್ವಚ್ಛ ಭಾರತ ಮಿಷನ್ ನಗರ 2.0ರಲ್ಲಿ ಹಳೆಯ ಕಸ ತೆರವಿಗೆ ಸ್ಥಳೀಯ ಸಂಸ್ಥೆಗಳಿಗೆ ನೆರವು ಇರಿಸಲಾಗಿದೆ. ಆ ಕಸದಿಂದ ಮಾಡಿದ ಗೊಬ್ಬರ ಕೊಳ್ಳುವಾಗ ಪರೀಕ್ಷಾ ವರದಿ ಕೇಳಿರಿ. ಕಿಲೋ ಗೊಬ್ಬರಕ್ಕೆ ಸೀಸ 100 ಮಿಲಿಗ್ರಾಂ, ಕ್ಯಾಡ್ಮಿಯಂ 5 ಮಿಲಿಗ್ರಾಂ ಮೀರಬಾರದು.

ಮಾದರಿ ತೆಗೆಯುವ ಕ್ರಮ

1. ಕೆಟ್ಟ ಭಾಗದ ಮಣ್ಣನ್ನೂ ಚೆನ್ನಾಗಿರುವ ಭಾಗದ ಮಣ್ಣನ್ನೂ ಕೂಡಿಸಬೇಡಿರಿ. ಎರಡು ಚೀಲ, ಎರಡು ಚೀಟಿ ಇರಲಿ.

2. ಗೊಬ್ಬರದ ಪರೀಕ್ಷೆಗೆ 8-10 ಕಡೆ ಇಂಗ್ಲಿಷ್ 'ವಿ' ಆಕಾರದ 15 ಸೆಂ.ಮೀ. ಗುಣಿ ತೋಡಿ, ಬದಿಯ ಮಣ್ಣು ಕೆರೆದು, ಬೆರೆಸಿ, ಅರ್ಧ ಕಿಲೋ ಉಳಿಸಿಕೊಳ್ಳಿರಿ.

3. ಸವಳಿನ ಸಂಶಯವಿದ್ದರೆ 0-15, 15-30, 30-60 ಮತ್ತು 60-90 ಸೆಂ.ಮೀ. ಆಳದ ಮಣ್ಣನ್ನು ಬೇರೆ ಬೇರೆ ಇಡಿರಿ. ಬಾವಿ ಅಥವಾ ಬೋರಿನ ನೀರನ್ನೂ ಒಯ್ಯಿರಿ.

4. ವಿಷಲೋಹದ ಪರೀಕ್ಷೆಗೆ ತಗಡಿನ ಬುಟ್ಟಿ, ತುಕ್ಕು ಹಿಡಿದ ಸಲಿಕೆ, ಗೊಬ್ಬರದ ಖಾಲಿ ಚೀಲ ಬಳಸಬಾರದು.

5. ಗಟಾರ ಎಷ್ಟು ದೂರ, ಎಷ್ಟು ವರ್ಷದಿಂದ ಆ ನೀರು ಹಾಯಿಸಿದ್ದೀರಿ ಎಂಬುದನ್ನು ಚೀಟಿಯಲ್ಲಿ ಮುಚ್ಚಿಡದೆ ಬರೆಯಿರಿ. ಇದನ್ನು ತಿಳಿಯದಿದ್ದರೆ ಯಾವ ಪರೀಕ್ಷೆ ಬೇಕೆಂದು ಪ್ರಯೋಗಾಲಯದವರಿಗೆ ಹೊಳೆಯದು.

ಹಿಟ್ಟಿನಹಳ್ಳಿ ಮತ್ತು ಇಂಡಿಯ ಕೃಷಿ ವಿಜ್ಞಾನ ಕೇಂದ್ರಗಳ ಸಲಹೆ ಪಡೆಯಿರಿ. ಮಾಲಿನ್ಯದ ಸಂಶಯವಿದ್ದಲ್ಲಿ ಅಕ್ಕಪಕ್ಕದ ಹೊಲದವರು ಕೂಡಿ ಸ್ಥಳೀಯ ಸಂಸ್ಥೆಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಫಲಿತಾಂಶ ಬರುವವರೆಗೆ ಅಂಥ ಹೊಲದಲ್ಲಿ ಪಾಲಕ್, ಮೆಂತ್ಯೆ, ಮೂಲಂಗಿ ಬೆಳೆಯದಿರುವುದು ಲೇಸು. ಮೊದಲು ದೋಷ ತಿಳಿಯೋಣ, ಆಮೇಲೆ ದುಡ್ಡು ಹಾಕೋಣ.