ತಟ್ಟೆಯ ಮೇಲಿನ ಸಣ್ಣ ಅಕ್ಷರ: ಸಿಲ್ವಿಯಾ ಮೊಯ್

ಕಛೇರಿಯಲ್ಲಿ ಪತ್ರದ ಕರಡು ಬರೆಯುವವನೊಬ್ಬ, ಅದರ ಕೆಳಗೆ ರುಜು ಹಾಕುವವನೊಬ್ಬ. ನಮ್ಮ ವಾಚಕರಲ್ಲಿ ಅನೇಕರಿಗೆ ಇದು ದಿನನಿತ್ಯದ ಅನುಭವವೇ ಆಗಿರುವುದರಿಂದ ವಿಶೇಷವೆನಿಸಲಾರದು. ತಿಂಗಳ ಕೊನೆಗೆ ಸಂಬಳ ಬಂದರಾಯಿತು. ಆದರೆ ಯಾರ ಹೆಸರು ಕಾಗದದ ಮೇಲಿದೆಯೋ ಅವರಿಗೇ ಹಣ ಎಂಬ ನಿಯಮವಿದ್ದರೆ ಏನಾದೀತು? ಗ್ರಾಮಫೋನ್ ತಟ್ಟೆಯ ವ್ಯಾಪಾರದಲ್ಲಿ ನಿಯಮವಿರುವುದೇ ಹಾಗೆ. ಅದನ್ನು ತಿಳಿಯಲು ಈ ಸಲ ನಾವು ಅಮೇರಿಕದ ಡೆಟ್ರಾಯ್ಟ್ ನಗರದ ಸಿಲ್ವಿಯಾ ಮೊಯ್ ಎಂಬ ಮಹಿಳೆಯ ಬಾಳನ್ನು ಅಭ್ಯಾಸಕ್ಕೆ ಎತ್ತಿಕೊಂಡಿದ್ದೇವೆ.

ಮೊದಲು ಆಕೆಯ ಸಂಗೀತ ಯಾವುದೆಂದು ನೋಡೋಣ. ಇಂಗ್ಲಿಷಿನಲ್ಲಿ ಇದನ್ನು ಸೋಲ್ ಸಂಗೀತವೆನ್ನುತ್ತಾರೆ. ನಮ್ಮ ಸೋಲು ಗೆಲುವಿನ ಸೋಲಲ್ಲ; ಆತ್ಮ ಎಂದು ಅದರ ಅರ್ಥ. ಅಮೇರಿಕದ ಕಪ್ಪು ಜನರು ತಮ್ಮ ಚರ್ಚುಗಳಲ್ಲಿ ಚಪ್ಪಾಳೆ ತಟ್ಟಿ, ಎದೆ ತುಂಬಿ ಹಾಡುತ್ತಿದ್ದ ಭಕ್ತಿಗೀತಗಳ ಧಾಟಿಗೆ ಲೌಕಿಕವಾದ ಪ್ರೇಮ ವಿರಹಗಳ ಮಾತು ಕೂಡಿ 1950ರ ದಶಕದಲ್ಲಿ ಇದು ಬೆಳೆಯಿತು. ನಮ್ಮ ಕಡೆ ಭಜನೆಯ ಮಟ್ಟಿನಲ್ಲಿ ನಾಟಕದ ಹಾಡು ಕಟ್ಟುವುದಿಲ್ಲವೆ, ಹಾಗೆ.

ಡೆಟ್ರಾಯ್ಟ್ ಮೋಟಾರು ಕಾರ್ಖಾನೆಗಳ ಊರು. ದಕ್ಷಿಣ ಪ್ರಾಂತಗಳಿಂದ ಲಕ್ಷಗಟ್ಟಲೆ ಕಪ್ಪು ಜನರು ಹೊಟ್ಟೆಪಾಡಿಗಾಗಿ ಊರು ಬಿಟ್ಟು ಉತ್ತರದ ಇಂಥ ಕೈಗಾರಿಕಾ ನಗರಗಳಿಗೆ ಬಂದರು. ಅಲ್ಲಿ ಮೋಟಾರು ಜೋಡಿಸುವ ಕೆಲಸದಲ್ಲಿದ್ದ ಬೆರಿ ಗೋರ್ಡಿ ಎಂಬಾತ 1959ರಲ್ಲಿ ಮನೆಯವರಿಂದ 800 ಡಾಲರು ಸಾಲ ಪಡೆದು ತಟ್ಟೆ ತಯಾರಿಸುವ ಕಂಪನಿಯೊಂದನ್ನು ತೆರೆದನು. ಅದೇ ಮುಂದೆ ಮೋಟೌನ್ ಎಂದು ಹೆಸರಾಯಿತು. ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡ್ ಎಂಬ ಬೀದಿಯ ಒಂದು ಸಾಧಾರಣ ಮನೆಯೇ ಅದರ ಕಛೇರಿ, ಅದರೊಳಗೇ ಧ್ವನಿಮುದ್ರಣದ ಕೋಣೆ. ಕಾರ್ಖಾನೆಯಲ್ಲಿ ಮೋಟಾರು ಕೈಯಿಂದ ಕೈಗೆ ಸಾಗುವಂತೆ ಇಲ್ಲಿ ಹಾಡೂ ಸಾಗುತ್ತಿತ್ತು. ಬರೆಯುವವರೇ ಬೇರೆ, ಬಾರಿಸುವವರೇ ಬೇರೆ, ಹಾಡುವವರೇ ಬೇರೆ. ತಯಾರಾದ ಮಾಲನ್ನು ಸಭೆ ಕೂಡಿಸಿ ಪರೀಕ್ಷೆ ಮಾಡುತ್ತಿದ್ದರು.

ಸಿಲ್ವಿಯಾ ಹುಟ್ಟಿದ್ದು ಈ ಊರಿನಲ್ಲೇ, 1938ರಲ್ಲಿ, ಮಕ್ಕಳು ತುಂಬಿದ ಮನೆಯಲ್ಲಿ. 1963ರಲ್ಲಿ ಕ್ಲಬ್ಬೊಂದರಲ್ಲಿ ಹಾಡುತ್ತಿದ್ದಾಗ ಗಾಯಕ ಮಾರ್ವಿನ್ ಗೇ ಹಾಗೂ ಮೋಟೌನಿನ ಅಧಿಕಾರಿ ವಿಲಿಯಂ ಸ್ಟೀವನ್ಸನ್ ಆಕೆಯನ್ನು ಕಂಡು ಕಂಪನಿಗೆ ಕರೆತಂದರು. ಆಕೆ ಬಂದದ್ದು ಗಾಯಕಿಯಾಗಬೇಕೆಂದು. ಕಂಪನಿಗೆ ಬೇಕಾಗಿದ್ದುದು ಹಾಡು ಬರೆಯುವವರು. ಹೀಗೆ ಆಕೆಯ ಕಂಠ ಹಿಂದೆ ಉಳಿದು ಲೇಖನಿ ಮುಂದೆ ಬಂತು.

ಆಗ ಮೋಟೌನಿನಲ್ಲಿ ಸ್ಟೀವಿ ವಂಡರ್ ಎಂಬ ಅಂಧ ಬಾಲಕನಿದ್ದ. ಹನ್ನೊಂದನೆಯ ವಯಸ್ಸಿನಲ್ಲಿ ಕಂಪನಿ ಸೇರಿ, 1963ರಲ್ಲಿ ಹದಿಮೂರು ತುಂಬುವಾಗಲೇ ದೇಶಕ್ಕೆಲ್ಲ ಮೊದಲ ಸ್ಥಾನದ ತಟ್ಟೆ ಕೊಟ್ಟಿದ್ದ ಪ್ರತಿಭಾಶಾಲಿ. ಬಳಿಕ ದನಿ ಒಡೆಯಿತು. ಬಾಲಕನೆಂದು ಕೊಂಡಾಡಿದ ಜನರಿಗೆ ಈ ಹೊಸ ಗಂಡುದನಿ ಬೇಡವಾಯಿತು. ಎರಡು ವರ್ಷ ಹೇಳಿಕೊಳ್ಳುವಂಥ ಯಶಸ್ಸಿಲ್ಲ. ಅವನನ್ನು ಕಂಪನಿಯಿಂದ ಬಿಡಿಸಿಬಿಡುವ ಮಾತು ಸಭೆಯಲ್ಲಿ ಬಂತೆಂದು ಸಿಲ್ವಿಯಾ ಮುಂದೆ ಹೇಳಿಕೊಂಡಿದ್ದಾರೆ. ಅವನಿಗೆ ಹಾಡು ಕೊಡಲು ಯಾರೂ ಮುಂದಾಗಲಿಲ್ಲವಂತೆ. ತಾನು ಅವನಿಗೊಂದು ಗೆಲ್ಲುವ ಹಾಡು ಮಾಡಿಕೊಟ್ಟರೆ ಉಳಿಸಿಕೊಳ್ಳುವಿರಾ ಎಂದು ಆಕೆ ಕೇಳಿದರು, ಆಗಲಿ ಎಂದರು.

ಆಕೆ ಹುಡುಗನ ಬಳಿ ಹೋಗಿ, ನಿನ್ನ ಹತ್ತಿರ ಇರುವ ಚೂರುಪಾರುಗಳನ್ನೆಲ್ಲ ನುಡಿಸು ಎಂದರು. ಅವನು ಒಂದೊಂದಾಗಿ ನುಡಿಸಿದ. ಯಾವುದೂ ಹಿಡಿಸಲಿಲ್ಲ. ಹೊರಡುವ ಹೊತ್ತಿಗೆ, ಇನ್ನೇನೂ ಇಲ್ಲ, ಇದೊಂದು ತುಣುಕು ಮಾತ್ರ ಎಂದು ಅವನು ನುಡಿಸಿದ ಒಂದೆರಡು ಪದಗಳೇ ಆಕೆಗೆ ಬೇಕಾಗಿದ್ದುವು. ಸಿರಿವಂತರ ಹುಡುಗಿ ಬಡವರ ಕೇರಿಯ ಹುಡುಗನನ್ನು ಮೆಚ್ಚುವ ಕಥೆಯನ್ನು ಆ ತುಣುಕಿನ ಸುತ್ತ ಆಕೆ ಹೆಣೆದರು. ಹೆನ್ರಿ ಕಾಸ್ಬಿ ಎಂಬ ಸಂಗೀತಗಾರರು ಜೊತೆಗೂಡಿದರು. ಅದೇ ‘ಅಪ್‌ಟೈಟ್’.

ಧ್ವನಿಮುದ್ರಣದ ವೇಳೆಗೆ ಒಂದು ತೊಡಕು. ಹಾಡಿನ ಮಾತುಗಳನ್ನು ಅಂಧರು ಬೆರಳಿನಿಂದ ಓದುವ ಬ್ರೈಲ್ ಲಿಪಿಗೆ ಇಳಿಸಿರಲಿಲ್ಲ. ಆಗ ಸಿಲ್ವಿಯಾ ಬೇರೆ ಮೈಕಿನ ಮುಂದೆ ನಿಂತು ಒಂದೊಂದು ಸಾಲನ್ನೂ ಮುಂಚಿತವಾಗಿ ಹಾಡತೊಡಗಿದರು. ಅದು ಹುಡುಗನ ಕಿವಿಗೆ ಹಾಕಿದ ಹೆಡ್‌ಫೋನಿನಲ್ಲಿ ಕೇಳುತ್ತಿತ್ತು. ಅವನು ಈ ಸಾಲನ್ನು ಹಾಡುತ್ತಿರುವಾಗಲೇ ಕಿವಿಯಲ್ಲಿ ಮುಂದಿನ ಸಾಲು! ಬಯಲಾಟದಲ್ಲಿ ಭಾಗವತ ನುಡಿ ಎತ್ತಿಕೊಟ್ಟರೆ ಸಭೆಗೂ ಕೇಳಿಸುತ್ತದೆ. ಈಕೆಯ ದನಿ ಮಾತ್ರ ಹುಡುಗನ ಕಿವಿಯಲ್ಲಿಯೇ ನಿಂತಿತು. 1965ರ ಕೊನೆಯಲ್ಲಿ ಹೊರಬಂದ ಆ ತಟ್ಟೆ ಮರುವರ್ಷದ ಆರಂಭದಲ್ಲಿ ದೇಶದ ಪಟ್ಟಿಯಲ್ಲಿ ಮೂರನೆಯ ಸ್ಥಾನಕ್ಕೇರಿತು. ಹುಡುಗನನ್ನು ಬಿಡಿಸುವ ಮಾತು ನಿಂತಿತು.

ಇನ್ನು ಹಣದ ವಿಷಯ. ಸಿನೆಮಾದಲ್ಲಿ ನಿರ್ಮಾಪಕನೆಂದರೆ ಹಣ ಹಾಕುವವನು. ತಟ್ಟೆಯ ನಿರ್ಮಾಪಕನು ಹಾಗಲ್ಲ. ಯಾವ ವಾದ್ಯ ಎಲ್ಲಿ ಬರಬೇಕು, ವೇಗವೆಷ್ಟು, ಹತ್ತು ಸಲ ಹಾಡಿಸಿದ್ದರಲ್ಲಿ ಯಾವುದನ್ನು ಉಳಿಸಬೇಕು ಎಂದು ಕೋಣೆಯಲ್ಲಿ ನಿಂತು ತೀರ್ಮಾನಿಸುವವನೇ ಅವನು. ರಚನೆಗೆ ಒಂದು ಹಣ, ಈ ಕೆಲಸಕ್ಕೆ ಬೇರೊಂದು. ರಚನೆಯ ಹಣವನ್ನು ಲೆಕ್ಕ ಹಾಕಿ ನೋಡೋಣ. ಅಮೇರಿಕದ 1909ರ ಕಾನೂನು ಒಂದು ಹಾಡಿನ ಪ್ರತಿಯೊಂದಕ್ಕೆ 2 ಸೆಂಟ್ ಗೊತ್ತುಮಾಡಿತ್ತು. 1977ರ ಕೊನೆಯವರೆಗೂ ಅದೇ ದರ. ವಾಡಿಕೆಯಂತೆ ಅದರಲ್ಲಿ ಅರ್ಧ ಪ್ರಕಾಶಕರಿಗೆ. ಮೋಟೌನಿನಲ್ಲಿ ಆ ಪ್ರಕಾಶಕ ಸಂಸ್ಥೆಯೂ ಗೋರ್ಡಿಯದೇ. ಮಿಕ್ಕ 1 ಸೆಂಟಿನಲ್ಲಿ ಮೂವರು ರಚನಕಾರರು ಸಮನಾಗಿ ಹಂಚಿಕೊಂಡರೆ, ಹತ್ತು ಲಕ್ಷ ಪ್ರತಿ ಖರ್ಚಾದರೂ ಒಬ್ಬೊಬ್ಬರಿಗೆ 3,333 ಡಾಲರು. ರೇಡಿಯೋದಿಂದ ಬರುವುದು ಬೇರೆ. ಇದು ಮಾದರಿ ಲೆಕ್ಕ ಮಾತ್ರ; ಆದರೆ ನಿರ್ಮಾಪಕರ ಸಾಲಿನಲ್ಲಿ ಹೆಸರಿಲ್ಲದಿದ್ದರೆ ಎಷ್ಟು ಕಳೆದುಹೋಗುತ್ತದೆಂಬುದನ್ನು ಇದರಿಂದ ಊಹಿಸಬಹುದು.

ಸಿಲ್ವಿಯಾ ಮೋಟೌನಿನಲ್ಲಿ ಬರೆದು, ಧ್ವನಿಮುದ್ರಣವನ್ನೂ ನಡೆಸಿದ ಮೊದಲ ಮಹಿಳೆಯರಲ್ಲೊಬ್ಬರು. ಆದರೆ ಆ ವರ್ಷಗಳಲ್ಲಿ ನಿರ್ಮಾಪಕರ ಸಾಲಿನಲ್ಲಿ ಅಚ್ಚಾದದ್ದು ಗಂಡಸರ ಹೆಸರು. ‘ಅಪ್‌ಟೈಟ್’ಗೆ ಕಾಸ್ಬಿ ಮತ್ತು ಸ್ಟೀವನ್ಸನ್, 1967ರ ‘ಐ ವಾಸ್ ಮೇಡ್ ಟು ಲವ್ ಹರ್’ಗೆ ಕಾಸ್ಬಿ. ಕಾಸ್ಬಿ ಸಮರ್ಥರು, ಅದರಲ್ಲಿ ಎರಡು ಮಾತಿಲ್ಲ. ನಮ್ಮ ತಕರಾರು ಅವರ ಮೇಲಲ್ಲ. ದುಡಿದವರ ಹೆಸರು ಬಿಟ್ಟ ಪಟ್ಟಿಯ ಮೇಲೆ.

ಮಾರ್ವಿನ್ ಗೇ ಮತ್ತು ಕಿಮ್ ವೆಸ್ಟನ್ ಕೂಡಿ ಹಾಡಿದ ‘ಇಟ್ ಟೇಕ್ಸ್ ಟೂ’, ಐಸ್ಲಿ ಸಹೋದರರ ‘ದಿಸ್ ಓಲ್ಡ್ ಹಾರ್ಟ್ ಆಫ್ ಮೈನ್’ ಇವುಗಳ ರಚನೆಯಲ್ಲೂ ಆಕೆಯ ಪಾಲುಂಟು. 1972ರಲ್ಲಿ ಮೋಟೌನ್ ಲಾಸ್ ಏಂಜಲೀಸಿಗೆ ಗಂಟುಮೂಟೆ ಕಟ್ಟಿತು. ಸಿಲ್ವಿಯಾ ಊರು ಬಿಡಲಿಲ್ಲ. ಡೆಟ್ರಾಯ್ಟಿನಲ್ಲಿಯೇ ಸ್ವಂತ ಧ್ವನಿಮುದ್ರಣ ಶಾಲೆ ಕಟ್ಟಿ, ಎಳೆಯರಿಗೆ ಈ ಕಸಬು ಕಲಿಸುವ ಕೆಲಸಕ್ಕೂ ಕೈಹಾಕಿದರು. 2006ರಲ್ಲಿ ಅಮೇರಿಕದ ಗೀತರಚನಕಾರರ ಗೌರವಪೀಠಕ್ಕೆ ಕಾಸ್ಬಿಯವರೊಂದಿಗೆ ಆಕೆಯ ಹೆಸರೂ ಸೇರಿತು. ಕಾಸ್ಬಿ ಆ ವೇಳೆಗೆ ತೀರಿಕೊಂಡಿದ್ದರು. ಸಿಲ್ವಿಯಾ 2017ರ ಏಪ್ರಿಲ್ 15ರಂದು, 78ನೆಯ ವಯಸ್ಸಿನಲ್ಲಿ ಕಾಲವಾದರು.

ವಾಚಕರಲ್ಲಿ ಯಾರಿಗಾದರೂ ಸ್ಟೀವಿ ವಂಡರನ 1969ರ ‘ಮೈ ಶೆರಿ ಅಮೂರ್’ ತಟ್ಟೆ ಕೈಗೆ ಸಿಕ್ಕರೆ ನಡುವಣ ಚೀಟಿಯನ್ನು ಓದಿ ನೋಡಬೇಕು. ಸ್ಟೀವಿ ಆ ಹಾಡನ್ನು ಮೊದಲು ತನ್ನ ಗೆಳತಿ ಮಾರ್ಷಾಳ ಹೆಸರಿನಲ್ಲಿ ಕಟ್ಟಿದ್ದ, ಗೆಳೆತನ ಮುರಿದಿತ್ತು. ಆ ಹೆಸರನ್ನು ತೆಗೆದು, ಯಾರು ಬೇಕಾದರೂ ತಮ್ಮ ಪ್ರಿಯರಿಗೆ ಹಾಡಬಹುದಾದ ಫ್ರೆಂಚ್ ಮಾತಿಟ್ಟವರು ಸಿಲ್ವಿಯಾ. ರಚನೆಯ ಸಾಲಿನಲ್ಲಿ ವಂಡರ್, ಕಾಸ್ಬಿ, ಮೊಯ್ ಎಂದು ಮೂರು ಹೆಸರಿವೆ. ನಿರ್ಮಾಪಕರ ಸಾಲಿನಲ್ಲಿ ಒಂದೇ ಇದೆ.