ಕನ್ನಡ ಬಲ್ಲ ಆನೆ ಟೋಕಿಯೋಗೆ ಹೋದದ್ದು



ಮನೆಮಂದಿಯೆಲ್ಲ ಜೊತೆಯಲ್ಲಿ ಕುಳಿತು ನೋಡಬಹುದಾದ ಸಿನಿಮಾಗಳು ವಿರಳ. 2017ರಲ್ಲಿ ತೆರೆಕಂಡ 'ಝೂ' ಅಂಥವುಗಳಲ್ಲಿ ಒಂದು. 1941ರಲ್ಲಿ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದ ಮೇಲೆ ಜರ್ಮನ್ ವಿಮಾನಗಳು ಬಾಂಬು ಸುರಿಸಿದಾಗ, ಮೃಗಾಲಯದ ಮರಿಯಾನೆಯನ್ನು ಉಳಿಸಲು ಹೊರಟ ಹುಡುಗನ ಕಥೆ ಅದು. ಹುಡುಗ ಕಲ್ಪನೆಯವನಾದರೂ ಆನೆ ನಿಜವಾಗಿತ್ತು. ಡೆನಿಸ್ ಆಸ್ಟಿನ್ ಎಂಬ ಮೃಗಾಲಯದ ಉದ್ಯೋಗಿ ಶೀಲಾ ಎಂಬ ಮರಿಯಾನೆಯನ್ನು ಸಂಜೆ ಮನೆಗೆ ನಡೆಸಿಕೊಂಡು ಹೋಗಿ, ಎತ್ತರದ ಗೋಡೆಯ ಹಿತ್ತಲಿನಲ್ಲಿ ಇರಿಸಿಕೊಳ್ಳುತ್ತಿದ್ದರು. ಬೆಳಗ್ಗೆ ಮರಳಿ ಕರೆತರುತ್ತಿದ್ದರು. ಅದೇ ಮೃಗಾಲಯದ ಹುಲಿ, ತೋಳ, ಕರಡಿ ಮೊದಲಾದವು ಬೋನು ಒಡೆದು ಬೀದಿಗೆ ಬಂದಾವೆಂದು ಹೆದರಿ, ಅವನ್ನು ಗುಂಡಿಕ್ಕಿ ಕೊಲ್ಲಲಾಯಿತು.

ಸಿನಿಮಾ ಮುಗಿದೊಡನೆ ಮಕ್ಕಳು ಕೇಳುತ್ತಾರೆ: "ಉಳಿದ ಪ್ರಾಣಿಗಳನ್ನು ಯಾಕೆ ಕೊಂದರು? ಬೇರೆ ದಾರಿಯೇ ಇರಲಿಲ್ಲವೇ?" "ಯುದ್ಧ ಅಂದರೆ ಹಾಗೇ ಕಣಪ್ಪಾ" ಎಂದು ಹೇಳಿ ಮುಗಿಸಬೇಡಿ. ನಮ್ಮ ಮೈಸೂರಿನವರೆಗೂ ಬಂದು ಮುಟ್ಟುವ ಇನ್ನೊಂದು ಘಟನೆ ಇದೆ, ಅದನ್ನು ಹೇಳಿ.

1943ರ ಆಗಸ್ಟ್ ತಿಂಗಳಲ್ಲಿ ಟೋಕಿಯೋದ ಉಯೆನೋ ಮೃಗಾಲಯಕ್ಕೆ, ಅಪಾಯಕಾರಿ ಪ್ರಾಣಿಗಳನ್ನು ಕೊಂದುಬಿಡಬೇಕೆಂಬ ಆಜ್ಞೆ ಬಂತು. ಅಲ್ಲಿ ಜಾನ್, ಟೊಂಕಿ, ವಾನ್ರಿ ಎಂಬ ಮೂರು ಆನೆಗಳಿದ್ದವು. ವಿಷ ಬೆರೆಸಿದ ಆಲೂಗಡ್ಡೆ ಕೊಟ್ಟರೆ ಉಗುಳಿದವು. ಕೊನೆಗೆ ಮೇವು ನೀರು ನಿಲ್ಲಿಸಿದರು. ಹಸಿದ ಆನೆಗಳು, ಹಿಂದೆ ಆಟ ತೋರಿಸಿದರೆ ತಿಂಡಿ ಸಿಗುತ್ತಿತ್ತಲ್ಲ, ಆ ನೆನಪಿನಲ್ಲಿ ತಮ್ಮನ್ನು ಸಾಕಿದವರ ಮುಂದೆ ಸೊಂಡಿಲೆತ್ತಿ ಆಟ ತೋರಿಸಿದವಂತೆ. ಸೆಪ್ಟೆಂಬರ್ 4ರಂದು ಸತ್ತ ಪ್ರಾಣಿಗಳಿಗಾಗಿ ಸ್ಮರಣೆಯ ವಿಧಿ ನಡೆಯಿತು. ಆ ಹೊತ್ತಿಗೆ ಟೊಂಕಿ, ವಾನ್ರಿ ಇನ್ನೂ ಜೀವಂತವಾಗಿದ್ದವು! ಟೊಂಕಿ ಕಣ್ಣು ಮುಚ್ಚಿದ್ದು ಸೆಪ್ಟೆಂಬರ್ 23ರಂದು.

ಮಕ್ಕಳಿಗೆ ತಪ್ಪದೆ ತಿಳಿಸಬೇಕಾದ ಸಂಗತಿ ಮುಂದಿನದು. ಆ ದಿನಗಳಲ್ಲಿ ಟೋಕಿಯೋ ಮೇಲೆ ಬಾಂಬು ಬೀಳುತ್ತಿರಲಿಲ್ಲ. ಎಡೆಬಿಡದ ದಾಳಿ ಶುರುವಾದದ್ದು 1944ರ ನವೆಂಬರಿನಲ್ಲಿ. ಸೆಂದಾಯ್ ನಗರದ ಮೃಗಾಲಯ ಆನೆಯನ್ನು ತೆಗೆದುಕೊಳ್ಳಲು ಸಿದ್ಧವಿತ್ತು, ಮೇಲಿನವರು ಬೇಡವೆಂದರು. ಯುದ್ಧದ ತೀವ್ರತೆ ಜನರಿಗೆ ನಾಟಲಿ ಎಂಬುದೇ ಆಜ್ಞೆಯ ಉದ್ದೇಶವಾಗಿತ್ತೆಂದು ಇತಿಹಾಸಕಾರರು ಹೇಳುತ್ತಾರೆ. ನಗೋಯಾದ ಮೃಗಾಲಯದಲ್ಲಿ ಮಾತ್ರ ಎರಡು ಆನೆಗಳು ಯುದ್ಧ ದಾಟಿ ಉಳಿದವು. ಅಂದಮೇಲೆ ಬೇರೆ ದಾರಿ ಇತ್ತು. ಆಜ್ಞೆ ಪಾಲಿಸಿದ ಕೆಲಸಗಾರರನ್ನು ನಾವು ಸುಲಭವಾಗಿ ದೂರಬಾರದು, ಸರಿ. ಆದರೆ ಅವರ ಜಾಗದಲ್ಲಿ ನೀನಿದ್ದಿದ್ದರೆ ಏನು ಮಾಡುತ್ತಿದ್ದೆ ಎಂದು ದೊಡ್ಡ ಮಕ್ಕಳನ್ನು ಕೇಳಬಹುದು. ಯೋನನ ಗ್ರಂಥದ ಕೊನೆಯ ಅಧ್ಯಾಯವನ್ನೂ ಓದಿಸಿ: ನಿನೆವೆ ಪಟ್ಟಣಕ್ಕಾಗಿ ಮರುಗುವ ದೇವರು ಅಲ್ಲಿನ ಪ್ರಾಣಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಯುದ್ಧ ಮುಗಿದ ಮೇಲೆ ಟೋಕಿಯೋದ ಮಕ್ಕಳಿಗೆ ಆನೆ ಬೇಕೆನಿಸಿತು. ಪ್ರಧಾನಿ ಜವಾಹರಲಾಲ್ ನೆಹರೂ ಅವರಿಗೆ ನೂರಾರು ಪತ್ರ ಬರೆದರು. ನೆಹರೂ ಒಪ್ಪಿದರು. 1949ರಲ್ಲಿ ಮೈಸೂರು ರಾಜ್ಯದ ಹದಿನೈದು ವರ್ಷದ ಹೆಣ್ಣಾನೆಯೊಂದು ಹಡಗು ಹತ್ತಿತು. ನೆಹರೂ ಅದಕ್ಕಿಟ್ಟದ್ದು ಮಗಳ ಹೆಸರನ್ನೇ, ಇಂದಿರಾ. ಇದು ತಮ್ಮ ಕೊಡುಗೆಯಲ್ಲ, ಭಾರತದ ಮಕ್ಕಳು ಜಪಾನಿನ ಮಕ್ಕಳಿಗೆ ಕೊಟ್ಟದ್ದು ಎಂದು ಬರೆದು ಕಳುಹಿಸಿದರು.

ಆಗ ಕೋಲಾರ ಜಿಲ್ಲೆಯಲ್ಲಿದ್ದ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳೂ ಅದೇ ಮೈಸೂರು ರಾಜ್ಯದವು. ಜಪಾನ್ ಎಂದೊಡನೆ ದ್ವಿತಳಿ ರೇಷ್ಮೆಗೂಡನ್ನೇ ನೆನೆಯುವ ಶಿಡ್ಲಘಟ್ಟದವರಿಗೆ ಈ ಹಳೆಯ ನಂಟು ಹೊಸ ಸುದ್ದಿಯಾದೀತು.

ಇಂದಿರಾ ಉಯೆನೋ ತಲುಪಿದಾಗ ಒಂದು ತೊಡಕಾಯಿತು. ಜಪಾನಿ ಮಾತು ಅವಳಿಗೆ ತಿಳಿಯದು; ಮಾವುತರ ಕನ್ನಡವಷ್ಟೇ ಗೊತ್ತು. ಹೀಗಾಗಿ ಜೊತೆಯಲ್ಲಿ ಹೋಗಿದ್ದ ಮಾವುತರಿಂದ ಅಲ್ಲಿನವರು ಕನ್ನಡದ ಅಪ್ಪಣೆಗಳನ್ನು ಕಲಿತರು. ಯುದ್ಧಕಾಲದಲ್ಲಿ ಆನೆಗಳು ಹಸಿದು ಸತ್ತ ಮೃಗಾಲಯದಲ್ಲಿ ಜಪಾನಿನವರು ಕನ್ನಡದಲ್ಲಿ ಆನೆಯನ್ನು ಮಾತಾಡಿಸಿದರು. 1957ರಲ್ಲಿ ನೆಹರೂ ಮಗಳೊಂದಿಗೆ ಜಪಾನಿಗೆ ಹೋದಾಗ ಅವಳನ್ನು ಕಂಡು ಬಂದರು. ಇಂದಿರಾ ಅಲ್ಲಿಯೇ 1983ರವರೆಗೆ ಬದುಕಿದ್ದಳು.